ರಂಗಪ್ಪನ ಬೆಟ್ಟದ ಅಸಲು, ಬಡ್ಡಿ

ಮಕ್ಕಳೇ, ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ನಿಮ್ಮಲ್ಲಿ ಕೆಲವರು ನೋಡಿರಬಹುದು. ಬಂಡೆಯ ತುದಿಯಲ್ಲಿ ದೇವಸ್ಥಾನ, ಸುತ್ತ ಕಾಡು, ಬೆಳಗಾದರೆ ಮಂಜು. ಆ ಕಾಡಿನಲ್ಲಿ ಪುಟ್ಟ ಪುಟ್ಟ ಊರುಗಳಿವೆ. ಅವುಗಳಿಗೆ ಪೋಡು ಎನ್ನುತ್ತಾರೆ. ಯರಕನಗದ್ದೆ ಪೋಡು, ಬಂಗ್ಲೆ ಪೋಡು, ಹೊಸಪೋಡು, ಪುರಾಣಿ ಪೋಡು, ಹೀಗೆ. ಅಲ್ಲಿರುವವರು ಸೋಲಿಗರು.

ನಮಗೆಲ್ಲ ದೇವರಾದ ರಂಗಪ್ಪ ಸೋಲಿಗರಿಗೆ ಭಾವ! ತಮ್ಮ ಕುಲದ ಹುಡುಗಿ ಕುಸುಮಾಲೆಯನ್ನು ಅವನು ಮದುವೆಯಾದ ಎಂದು ಅವರು ಕಥೆ ಹೇಳುತ್ತಾರೆ. ಭಾರ್ಗವಿ ಹೊಳೆಯ ಪಕ್ಕದ ದೊಡ್ಡ ಸಂಪಿಗೆ ಮರಕ್ಕೂ ಅವರು ಪೂಜೆ ಮಾಡುತ್ತಾರೆ.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನಗೆ ಅವರ ಲೆಕ್ಕ ಬಹಳ ಇಷ್ಟ. ಜೇನು ಕಿತ್ತರೆ ಒಂದು ಪಾಲು ಕಾಡಿನ ಪ್ರಾಣಿಗಳಿಗೆ. ನೆಲ್ಲಿಕಾಯಿ ಕೊಯ್ದರೆ ಮರದಲ್ಲಿ ಒಂದಿಷ್ಟು ಜಿಂಕೆಗೆ, ಒಂದಿಷ್ಟು ಬೀಜಕ್ಕೆ. ಬಡ್ಡಿ ಉಣ್ಣಬೇಕು, ಅಸಲು ಮುಟ್ಟಬಾರದು.

ಈಗ ಅಸಲಿಗೇ ಕುತ್ತು ಬಂದಿದೆ. 1974ರಲ್ಲಿ ಈ ಕಾಡು ವನ್ಯಧಾಮವಾಯಿತು. ಸೋಲಿಗರು ಬೇಟೆ ಬಿಟ್ಟರು, ಜಾಗ ಬದಲಿಸುತ್ತಾ ಮಾಡುತ್ತಿದ್ದ ಬೇಸಾಯವನ್ನೂ ಬಿಟ್ಟರು. ಬೇಸಿಗೆ ಏರುವ ಮೊದಲೇ ಒಣಗಿದ ಎಲೆಗೆ ಹಾಕುತ್ತಿದ್ದ ಸಣ್ಣ 'ತರಗು ಬೆಂಕಿ'ಯೂ ನಿಂತಿತು. ಆಮೇಲೆಯೇ ಲಂಟಾನ ಪೊದೆ ಕಾಡನ್ನು ಮುಚ್ಚಿತು, ನೆಲ್ಲಿಮರಗಳಿಗೆ ಬದನಿಕೆ ಹತ್ತಿತು ಎಂದು ಪೋಡಿನ ಹಿರಿಯರು ಹೇಳುತ್ತಾರೆ. ಲಂಟಾನ ನಮ್ಮ ನಾಡಿನ ಗಿಡವಲ್ಲ. ಚೆಂದದ ಹೂವಿಗೆಂದು ಅಮೆರಿಕ ಖಂಡದಿಂದ ತಂದದ್ದು. ಅದರ ಕೆಳಗೆ ಹುಲ್ಲು ಬೆಳೆಯದು. ಹುಲ್ಲಿಲ್ಲದಿದ್ದರೆ ಜಿಂಕೆಗೆ ಮೇವೆಲ್ಲಿ? ಜಿಂಕೆ ಇಲ್ಲದಿದ್ದರೆ ಹುಲಿಗೆ ಊಟವೆಲ್ಲಿ?

2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಂತೆ ಹಲವು ಪೋಡುಗಳ ಗ್ರಾಮಸಭೆಗಳಿಗೆ ಜೇನು, ನೆಲ್ಲಿ, ಪಾಚಿ ತರುವ ಹಕ್ಕೂ, ಕಾಡನ್ನು ಕಾಯುವ ಹಕ್ಕೂ ಸಿಕ್ಕಿತು. ಹಕ್ಕುಪತ್ರವನ್ನು ಪೆಟ್ಟಿಗೆಯಲ್ಲಿಡಬಹುದು. ಆದರೆ ಯಾವ ಮರದಲ್ಲಿ ಯಾವ ತಿಂಗಳು ಜೇನು ಕೂರುತ್ತದೆ ಎಂಬ ಅರಿವು ಹಿರಿಯರ ತಲೆಯಲ್ಲಿದೆ. ಶಾಲೆಗೆ ಹೋಗುವ ಮೊಮ್ಮಕ್ಕಳಿಗೆ ಅದು ದಾಟದಿದ್ದರೆ ಆ ಖಾತೆ ಅಲ್ಲಿಗೇ ಮುಗಿಯಿತು.

ಅಜ್ಜ ಅಜ್ಜಿಯರೇ, ನಮ್ಮೂರುಗಳಲ್ಲೂ ಗುಡ್ಡಗಳಿವೆ. ಅಲ್ಲಿನ ಗಿಡಗಳ, ಹಳ್ಳಗಳ, ಬಂಡೆಗಳ ಹೆಸರು ನಿಮಗೆ ಗೊತ್ತು. ಈ ಭಾನುವಾರ ಹತ್ತು ಹೆಸರನ್ನಾದರೂ ಮೊಮ್ಮಕ್ಕಳ ಖಾತೆಗೆ ಜಮಾ ಮಾಡಿ. ಮಕ್ಕಳೇ, ನೀವು ಅದನ್ನು ನೋಟ್ ಪುಸ್ತಕದಲ್ಲಿ ಬರೆದಿಡಿ.