ಶಿಷ್ಯಳು ಅಂದ್ರ ಯಾರು, ಮತ್ತ ನಮ್ಮ ಕಿಡಕ್ಯಾಗಿನ ಲೋಟ

ನಮ್ಮ ಚರ್ಚಿನ ಹೆಣ್ಮಕ್ಕಳ ಕೂಟದಾಗ ಮೊನ್ನೆ ನನಗ ಹತ್ತು ನಿಮಿಷ ಮಾತಾಡ್ರಿ ಅಂದ್ರು. ವಿಷಯಾನೂ ಅವರೇ ಕೊಟ್ಟಿದ್ರು: ಕ್ರಿಸ್ತನ ಶಿಷ್ಯರಾಗಿ ಇರೋದು ಅಂದ್ರೇನು. ಇಷ್ಟು ವರ್ಷ ಆ ಕೂಟಕ್ಕ ಉಪ್ಪಿಟ್ಟು, ಚಹಾ ಮಾಡಿದಾಕಿಗೆ ಒಮ್ಮೆ ಬಾಯಿ ಬಿಟ್ಟು ಮಾತಾಡು ಅಂದ್ರ ಒಳಗ ಖುಷೀನೂ ಆಗ್ತದ, ಎದಿನೂ ಹೊಡಕೋತದ. ಹೂಂ ಅಂದು ಬಂದೆ.

ಒಂದು ಮಾತು ಮೊದಲೇ ಠರಾಯಿಸಿದ್ದೆ. ಮಾರ್ಥಾ, ಮರಿಯಾ ಕತಿ ಹೇಳಬಾರದು. ಹೆಣ್ಮಕ್ಕಳ ಕೂಟ ಅಂದ್ರ ಸಾಕು, ಬಂದವರೆಲ್ಲಾ ಅದನ್ನೇ ಹೇಳ್ತಾರ. ಅಡಗಿಮನ್ಯಾಗ ಒದ್ದಾಡೋ ಮಾರ್ಥಾ ಹಂಗ ಆಗಬ್ಯಾಡ್ರಿ, ಯೇಸುಸ್ವಾಮಿ ಪಾದದ ಹತ್ರ ಕೂತು ಕೇಳೋ ಮರಿಯಾ ಹಂಗ ಆಗ್ರಿ ಅಂತಾರ. ಹಿಂಗಂದು ಮುಗಿಸಿ, ಊಟಾ ಎಷ್ಟೊತ್ತಿಗ್ರಿ ಅಂತ ನಮ್ಮನ್ನೇ ಕೇಳ್ತಾರ!

ಅದಕ್ಕ ನಾ ತಬಿಥಾಳನ್ನ ಹಿಡಕೊಂಡೆ. ನಮ್ಮ ಓಣಿಯ ಬ್ಯಾರೆ ಧರ್ಮದ ಗೆಳತ್ಯಾರೂ ಇದನ್ನ ಓದ್ತೀರಲ್ಲ, ನಿಮಗಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಯೇಸುಸ್ವಾಮಿ ಆದಮ್ಯಾಲೆ ಅವನ ಶಿಷ್ಯರು ಏನೇನು ಮಾಡಿದ್ರು ಅನ್ನೋದು ಅಪೊಸ್ತಲರ ಕೃತ್ಯಗಳು ಅನ್ನೋ ಪುಸ್ತಕದಾಗ ಅದ. ಅದರ ಒಂಬತ್ತನೇ ಅಧ್ಯಾಯದಾಗ ಯೊಪ್ಪ ಅನ್ನೋ ಸಮುದ್ರದ ದಂಡಿ ಊರಾಗ ಈ ತಬಿಥಾ ಬರ್ತಾಳ. ಗ್ರೀಕ್ ಭಾಷಾದಾಗ ಅಕಿ ಹೆಸರು ದೊರ್ಕ. ಬಡವರಿಗೆ ಕೊಡೋದು, ವಿಧವೆಯರಿಗೆ ಅಂಗಿ ಹೊಲದು ಕೊಡೋದು ಅಕಿ ಕೆಲಸ. ಅಕಿ ಜಡ್ಡಿಗೆ ಬಿದ್ದು ಸತ್ತಾಗ ಆ ವಿಧವೆಯರೆಲ್ಲಾ ಅಳಕೋತ, ಅಕಿ ಹೊಲದ ಅಂಗಿಗಳನ್ನ ಪೇತ್ರಗ ತೋರಸ್ತಾರ. ಪೇತ್ರ ಪ್ರಾರ್ಥನೆ ಮಾಡಿ ಅಕಿನ್ನ ಎಬ್ಬಸ್ತಾನ. ಹೊಸ ಒಡಂಬಡಿಕೆ ಬರದದ್ದು ಗ್ರೀಕ್ ಭಾಷಾದಾಗ, ಅದರಾಗ ‘ಶಿಷ್ಯಳು’ ಅಂತ ಹೆಣ್ಣಿನ ರೂಪದ ಶಬ್ದ ಬರೋದು ಒಂದೇ ಒಂದು ಕಡೆ, ಅದು ಈ ತಬಿಥಾಗ. ಊರೂರು ತಿರುಗಿ ಬೋಧನೆ ಮಾಡಿದ ಹೆಣ್ಮಗಳಿಗಲ್ಲ, ಸೂಜಿ ದಾರ ಹಿಡಕೊಂಡು ಮನ್ಯಾಗ ಕೂತಾಕಿಗೆ. ಎಷ್ಟು ಛಲೋ ಅನ್ನಿಸ್ತು ನನಗ!

ಆ ಶಬ್ದದ ಅರ್ಥಾನೂ ಸಾದಾ ಅದ. ನಮಗ ಶಿಷ್ಯ ಅಂದಕೂಡಲೆ ಮಠ, ಗುರುಗಳು, ಕಾಲಿಗೆ ಬೀಳೋದು ಕಣ್ಣಮುಂದ ಬರ್ತದ. ಗ್ರೀಕಿನಾಗ ಅದು ಬರೇ ಕಲಿಯೋರು, ಸಾಲಿ ಹುಡುಗೂರು ಅಂದಂಗ. ‘ಕ್ರೈಸ್ತರು’ ಅನ್ನೋ ಹೆಸರು ಆಮ್ಯಾಲೆ ಅಂತಿಯೋಕ್ಯ ಅನ್ನೋ ಊರಾಗ ಬಿತ್ತು. ಅದಕ್ಕೂ ಮೊದಲ ಅವರು ಬರೇ ಶಿಷ್ಯರು, ಕಲಿಯೋರು.

ಇದನ್ನೆಲ್ಲಾ ಅಡಗಿಮನಿ ಕಟ್ಟಿ ಮ್ಯಾಲೆ ಸತ್ಯವೇದ ಇಟಗೊಂಡು, ಬಳ್ಳೊಳ್ಳಿ ಸುಲಕೋತ ತಯಾರಿ ಮಾಡ್ಲಿಕತ್ತಿದ್ದೆ. ತಬಿಥಾನ ಕೂಡ ಇನ್ನೊಬ್ಬಾಕಿ ಹೆಣ್ಮಗಳೂ ಇರಲಿ ಅಂತ ಯೋಹಾನ ಬರದ ಸುವಾರ್ತೆಯ ನಾಕನೇ ಅಧ್ಯಾಯ ತಗದು ಜೋರಾಗಿ ಓದಿದೆ. ಮಧ್ಯಾಹ್ನದ ಬಿಸಲಾಗ ಯೇಸುಸ್ವಾಮಿ ದಣದು ಬಾವಿ ಹತ್ರ ಕೂತಾನ. ಶಿಷ್ಯರು ಊರಾಗ ಊಟಾ ತರಲಿಕ್ಕೆ ಹೋಗ್ಯಾರ. ಸಮಾರ್ಯದ ಹೆಣ್ಮಗಳೊಬ್ಬಾಕಿ ನೀರಿಗೆ ಬರ್ತಾಳ. ಕುಡಿಲಿಕ್ಕೆ ನೀರು ಕೊಡು ಅಂತ ಇಂವ ಕೇಳ್ತಾನ. ಅಕಿಗೆ ಆಶ್ಚರ್ಯ ಆಗ್ತದ. ನೀ ಯೆಹೂದ್ಯ, ನಾ ಸಮಾರ್ಯದಾಕಿ, ನನ್ನ ಹತ್ರ ಹ್ಯಾಂಗ ಕೇಳ್ತಿ ಅಂತಾಳ. ಯಾಕಂದ್ರ ಅವರದು ಇವರದು ಬಳಕಿ ಇರಲಿಲ್ಲ, ಒಬ್ಬರ ಪಾತ್ರಿ ಒಬ್ಬರು ಮುಟ್ಟತಿರಲಿಲ್ಲ.

ಬಚ್ಚಲದಾಗ ಭಾಂಡಿ ತಿಕ್ಕಲಿಕತ್ತಿದ್ದಾಕಿ ಕೈ ನಿಲ್ಲಿಸಿ ಕೇಳಿದ್ಲು, “ಅಂವಾ ಅಕಿ ಕೊಡದಾಗಿನ ನೀರು ಕುಡದನೇನ್ರಿ ಅಕ್ಕಾರ?”

ನಾ ಮತ್ತೊಮ್ಮೆ ಓದಿ ನೋಡಿದೆ. ಕೇಳಿದ ಅಂತ ಅದ, ಮಾತಾಡಿದ್ರು ಅಂತ ಅದ, ಅಕಿ ಕೊಡ ಅಲ್ಲೇ ಬಿಟ್ಟು ಊರಾಗ ಓಡಿದ್ಲು ಅಂತನೂ ಅದ. ಕುಡದ ಅಂತ ಎಲ್ಲೂ ಇಲ್ಲ. ಇಷ್ಟು ಸಲ ಈ ಕತಿ ಕೇಳೀನಿ, ಆ ಪ್ರಶ್ನೆ ನನಗ ಒಮ್ಮೆನೂ ಹೊಳದಿರಲಿಲ್ಲ.

“ಬರದಿಲ್ಲವಾ,” ಅಂದೆ.

“ಕುಡದಿರಬೇಕ ಬಿಡ್ರಿ,” ಅಂದ್ಲು. ಕೈ ತೊಳಕೊಂಡು, ಚಹಾ ಕುಡದ ತನ್ನ ಸ್ಟೀಲ್ ಲೋಟ ತೊಳದು, ಹಿತ್ತಲ ಕಡೆ ಕಿಡಕಿ ಕಟ್ಟಿ ಮ್ಯಾಲೆ ಬೋರಲು ಹಾಕಿ ಹೋದ್ಲು.

ಆ ಲೋಟದ ಜಾಗಾ ಅದೇ. ಹದಿನಾರು ವರ್ಷ ಆತು. ಯಾರೂ ಅಕಿಗೆ ಇದು ನಿನ್ನ ಲೋಟ ಅಂತ ಹೇಳಿಲ್ಲ. ನಮ್ಮ ಅತ್ತಿಯವರು ಒಂದ ದಿವಸ ಅದರಾಗ ಚಹಾ ಕೊಟ್ರು, ಅಲ್ಲಿಂದ ಅದು ಅಕಿದಾತು. ಕಪಾಟಿನಾಗ ಅದು ಬಂದಿಲ್ಲ, ನಾವ್ಯಾರೂ ಅದರಾಗ ಕುಡದಿಲ್ಲ. ಇನ್ನೊಂದು ಮಾತು ಹೇಳಲೇಬೇಕು. ಅಕಿನೂ ನಮ್ಮ ಚರ್ಚಿನಾಕೀನ. ಹಿಂದಿನ ಬೆಂಚಿನ ಮ್ಯಾಲೆ ಕೂಡ್ತಾಳ. ಕರ್ತನ ಭೋಜನದ ಆಯ್ತವಾರ ನಾನೂ ಅಕಿನೂ ಒಂದೇ ಸಾಲಿನಾಗ ಮೊಣಕಾಲೂರಿ, ಒಂದೇ ಪಾತ್ರಿಗೆ ಬಾಯಿ ಹಚ್ಚತೀವಿ. ಸೋಮವಾರ ಮುಂಜಾನೆ ಅಕಿ ಲೋಟ ಕಿಡಕ್ಯಾಗ.

ಕೂಟದಾಗ ನಾ ಏನು ಮಾತಾಡಿದೆ ಗೊತ್ತೇನು? ತಬಿಥಾನ ಕತಿ ಒಂದೇ. ಹೊಲಿಗಿ ಮಾಡೋದೂ ಶಿಷ್ಯತ್ವ, ಅಡಗಿ ಮಾಡೋದೂ ಶಿಷ್ಯತ್ವ ಅಂದೆ. ಎಲ್ಲಾರಿಗೂ ಸೇರ್ತು, ಚಪ್ಪಾಳಿ ಹೊಡದ್ರು. ಹಿಂದಿನ ಸಾಲಿನಾಗ ಅಕಿನೂ ಹೊಡದ್ಲು. ಬಾವಿ ಕತಿ ಬರದುಕೊಂಡ ಹಾಳಿ ನನ್ನ ಪರ್ಸಿನಾಗ ಮಡಚಿ ಹಂಗೇ ಇತ್ತು. ಅವತ್ತು ಆಡಲಾರದ್ದನ್ನ ಇಲ್ಲಿ ಬರೀಲಿಕತ್ತೀನಿ.

ನಾವು ಮಾಡೋ ಕೆಲಸಕ್ಕೆಲ್ಲಾ ಶಿಷ್ಯತ್ವ ಅಂತ ಚೀಟಿ ಹಚ್ಚೋದು ಸಸಾರ. ನಾ ಹೆಂಗೂ ಅಡಗಿ ಮಾಡಾಕೀನ, ಅದಕ್ಕ ಒಂದು ದೊಡ್ಡ ಹೆಸರು ಸಿಕ್ಕರ ಬ್ಯಾಡ ಅನ್ನೋರು ಯಾರು? ಆದ್ರ ಕಲಿಯೋದು ಅಂದ್ರ ಮೊದಲು ಗೊತ್ತಿರಲಾರದ್ದು ಒಂದು ತಲಿಯೊಳಗ ಹೋಗಬೇಕು, ಮೊದಲು ಮಾಡತಿದ್ದದ್ದು ಒಂದು ಕೈಬಿಡಬೇಕು. ನಾವು ದೀಕ್ಷಾಸ್ನಾನ, ದೃಢೀಕರಣ, ಮದುವಿ ಎಲ್ಲಾ ಚರ್ಚಿನಾಗೇ ಮಾಡಿಕೊಂಡು, ಸಾಲಿ ಮುಗದು ಸರ್ಟಿಫಿಕೇಟ್ ಸಿಕ್ಕೋರ ಹಂಗ ಕೂತುಬಿಟ್ಟೀವಿ. ನಾನಂತೂ ಕೂತಿದ್ದೆ.

ಇದೇ ಊಟದ ಪಾಠ ಪೇತ್ರಗೂ ಎಷ್ಟು ಕಠಿಣ ಆತು ನೋಡ್ರಿ. ಸಮಾರ್ಯದ ಆ ಊರಾಗ ಜನ ಒತ್ತಾಯ ಮಾಡಿದ್ರು ಅಂತ ಯೇಸುಸ್ವಾಮಿ ಎರಡು ದಿವಸ ಅಲ್ಲೇ ಇದ್ದ ಅಂತ ಯೋಹಾನ ಬರದಾನ. ಎರಡು ದಿವಸ ಅಂದ್ರ ಎಷ್ಟು ಹೊತ್ತಿನ ಊಟ? ಯಾರ ಮನ್ಯಾಗ? ಗಂಡಸರು ಓದುವಾಗ ಇದು ಹೊಳಿಯೂದಿಲ್ಲ, ನಾವು ಅಡಗಿ ಮಾಡೋರು, ಲೆಕ್ಕಾ ಹಾಕ್ತೀವಿ. ಆ ಶಿಷ್ಯರು ಸಮಾರ್ಯದವರ ರೊಟ್ಟಿ ತಿಂದು, ಅವರ ತಂಬಿಗಿಯಿಂದನ ನೀರು ಕುಡದಿರಬೇಕು. ಅಷ್ಟಾದ್ರೂ ಪಾಠ ಪೂರಾ ಇಳೀಲಿಲ್ಲ. ತಬಿಥಾನ್ನ ಎಬ್ಬಿಸಿದ ಮ್ಯಾಲೆ ಪೇತ್ರ ಅದೇ ಯೊಪ್ಪದಾಗ ಉಳಕೊಂಡದ್ದು ಸೀಮೋನ ಅನ್ನೋ ಚರ್ಮಾ ಹದಾ ಮಾಡಾಂವನ ಮನ್ಯಾಗ. ಯೆಹೂದ್ಯರಾಗ ಆ ಕಸುಬು ಮೈಲಿಗಿ ಅನ್ನಿಸಿಕೊಂಡದ್ದು. ಅವನ ಮಾಳಿಗಿ ಮ್ಯಾಲೆ ಹಸಿದು ಪ್ರಾರ್ಥನೆ ಮಾಡುವಾಗ ಪೇತ್ರಗ ದರ್ಶನ ಆಗ್ತದ. ದೊಡ್ಡ ಜೋಳಿಗಿ ಹಂಗ ಒಂದು ಅರಿವಿ ಇಳಿದು ಬರ್ತದ, ಒಳಗ ಎಲ್ಲಾ ನಮೂನಿ ಪ್ರಾಣಿ, ತಿನ್ನು ಅಂತ ದನಿ ಬರ್ತದ. ಹೊಲಸು ಅಂತನ್ನೋದು ನಾ ಎಂದೂ ತಿಂದಿಲ್ಲ ಅಂತಾನ ಪೇತ್ರ. ಮೂರು ಸಲ ಹಿಂಗಾಗ್ತದ. ಆಮ್ಯಾಲೆ ತಿಳದು, ಕೊರ್ನೇಲ್ಯ ಅನ್ನೋ ರೋಮಿನ ಸೈನ್ಯದ ಅಧಿಕಾರಿ ಮನಿಯೊಳಗ ಕಾಲಿಡ್ತಾನ.

ಕಲತಾಂತು, ಮುಗೀತು ಅಂದುಕೊಂಡ್ರ, ಇಲ್ಲ. ಪೌಲ ಗಲಾತ್ಯದವರಿಗೆ ಬರದ ಪತ್ರದಾಗ ಇನ್ನೊಂದು ಸಂಗತಿ ಅದ. ಪೇತ್ರ ಅಂತಿಯೋಕ್ಯಕ್ಕ ಬಂದಾಗ ಯೆಹೂದ್ಯರಲ್ಲದವರ ಕೂಡ ಕೂತು ಉಣ್ತಿದ್ದ. ಯೆರೂಸಲೇಮಿನಿಂದ ಯಾಕೋಬನ ಕಡೆಯವರು ಬಂದ್ರು ನೋಡ್ರಿ, ಅವರೇನು ಅಂತಾರೋ ಅಂತ ಹೆದರಿ ಸರದು ಕೂತ. ಪೌಲ ಎಲ್ಲಾರ ಮುಂದ ಮಾರಿ ಮ್ಯಾಲೆ ಹೇಳಿದ, ಇದು ತಪ್ಪು ಅಂತ. ಯಾವ ಊರು ಅದು? ಶಿಷ್ಯರಿಗೆ ಮೊದಲ ಕ್ರೈಸ್ತರು ಅಂತ ಹೆಸರು ಬಿದ್ದ ಊರೇ. ಹೆಸರು ಸಿಕ್ಕ ಊರಾಗನ ತಾಟು ಬ್ಯಾರೆ ಆತು. ಇದನ್ನ ಮುಚ್ಚಿಡಲಾರದ ಬರದು ಇಟ್ಟಾರಲ್ಲ, ನನಗ ಆ ಪುಸ್ತಕದ ಮ್ಯಾಲೆ ನಂಬಿಕಿ ಬರೋದು ಇಂಥಾ ಕಡೆ.

ನಮ್ಮ ಮನಿತನದ್ದೂ ಸ್ವಲ್ಪ ನೆನಪು ಮಾಡ್ರಿ. ಬಾಸೆಲ್ ಮಿಷನ್‌ನವರು 1834ರಾಗ ಮಂಗಳೂರಿಗೆ ಬಂದ್ರು, 1837ರಾಗ ಧಾರವಾಡಕ್ಕ, 1839ರಾಗ ಹುಬ್ಬಳ್ಳಿಗೆ. ಅವರ ಕೈಯಾಗ ವಿಶ್ವಾಸಕ್ಕ ಬಂದವರು ಒಂದೇ ಜಾತಿಯವರೇನಲ್ಲ. 1844ರಾಗ ಮಂಗಳೂರಿನ ಬ್ರಾಹ್ಮಣರ ಹುಡುಗ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ತಗೊಂಡ. ನಮ್ಮ ಹಿರ್ಯಾರು ಅಂಥಾ ದೊಡ್ಡವರಲ್ಲ, ಅವರ ಹೆಸರು ಯಾವ ಪುಸ್ತಕದಾಗೂ ಇಲ್ಲ. ಆದ್ರ ನಮ್ಮಜ್ಜಿ ಹೇಳತಿದ್ಲು, ಅಕಿ ಅತ್ತಿ ಕಾಲದಾಗ ಕ್ರಿಸ್ತಾನರಾದ್ರು ಅಂತ ಬೀಗರು ಮನಿಗೆ ಬಂದ್ರೂ ನೀರು ಮುಟ್ಟತಿರಲಿಲ್ಲಂತ. ಕಟ್ಟಿ ಮ್ಯಾಲೆ ಕೂತು, ಮಾತಾಡಿ, ಒಣ ಬಾಯಿಲೆ ಎದ್ದು ಹೋಗತಿದ್ರಂತ. ಅದನ್ನ ಹೇಳುವಾಗ ಅಜ್ಜಿ ಕಣ್ಣಾಗ ನೀರು ಬರ್ತಿತ್ತು. ನೀರು ಮುಟ್ಟಿಸಿಕೊಳ್ಳಲಾರದವರ ಮೊಮ್ಮಕ್ಕಳು ನಾವು.

ಇದನ್ನ ಬಾಜೂಮನಿ ಗೆಳತಿಗೆ ಹೇಳಿದೆ. ಅವರು ಲಿಂಗಾಯತರು. ಅಕಿ ನಕ್ಕು, ನಮ್ಮಲ್ಲೂ ಹರಳಯ್ಯನ ಕತಿ ಪುರಾಣದಾಗ ಕೇಳಿ ಬರ್ತೀವಿ, ಮನಿಗೆ ಬಂದು ಬ್ಯಾರೆ ಲೋಟ ಇಡ್ತೀವಿ ಅಂದ್ಲು. ಅಕಿ ನಕ್ಕದ್ದು ನನಗ ಸಮಾಧಾನ ಕೊಡಲಿಲ್ಲ. ಎಲ್ಲಾರ ಮನ್ಯಾಗೂ ಇದ್ರ ನಂದು ಹಗೂರ ಆಗ್ತದೇನು?

ಸ್ವಚ್ಛತಾ ಅಂತೀರಿ ಕೆಲವರು. ನನ್ನ ನಾದಿನಿ ಅಂದೇ ಬಿಟ್ಲು. ನಮ್ಮನಿ ಪ್ರತಿಯೊಂದು ಕಪ್ಪು, ಬಸಿ, ನಾ ಬಾಯಿಗೆ ಹಚ್ಚೋ ಚಮಚಾ ತಿಕ್ಕೋದು ಅಕಿ ಕೈ. ಆ ಕೈ ಅಷ್ಟಕ್ಕೆಲ್ಲಾ ನಡೀತದ, ಬಾಯಿ ಒಂದು ನಡೆಯೂದಿಲ್ಲ ಅಂದ್ರ ಅದು ಸ್ವಚ್ಛತಾದ ಮಾತಲ್ಲ. ಅಕಿಗೇ ಅದರ ಬೇಜಾರಿಲ್ಲ ಅಂತೀರಿ. ಅಕಿ ಕೇಳಿದ ಪ್ರಶ್ನೆ ನಾ ಮ್ಯಾಲೆ ಬರದೀನಿ, ನೀವೇ ನೋಡ್ರಿ.

ಕೂಟ ಮುಗದ ಮರುದಿವಸ ನಾ ಆ ಲೋಟ ತಗದು ಕಪಾಟಿನಾಗ ಎಲ್ಲಾದರ ಕೂಡ ಇಟ್ಟೆ. ಅಕಿಗೆ ನಮ್ಮ ಹೂವಿನ ಕಪ್ಪಿನಾಗ ಚಹಾ ಕೊಟ್ಟೆ. ನಾ ಏನೋ ದೊಡ್ಡ ಕೆಲಸ ಮಾಡಿದಂಗ ನಿಂತಿದ್ದೆ. ಅಕಿ ಕಪ್ಪು ತಿರುಗಿಸಿ ತಿರುಗಿಸಿ ನೋಡಿ, “ಇದರಾಗ ಎಷ್ಟು ಹಿಡಸ್ತದ್ರಿ ಅಕ್ಕಾರ, ನನ್ನ ಲೋಟಾನ ಕೊಡ್ರಿ” ಅಂದ್ಲು! ನಿಜಾನ, ಲೋಟದ ಅರ್ಧಾನೂ ಹಿಡಿಯೂದಿಲ್ಲ ಆ ಕಪ್ಪು. ನಾ ಹದಿನಾರು ವರ್ಷಕ್ಕ ಒಮ್ಮೆ ಮನಸ್ಸು ಬದಲಿ ಮಾಡಿದ್ದಕ್ಕ ಅಕಿ ಯಾಕ ತನ್ನ ಅರ್ಧಾ ಚಹಾ ಕಳಕೋಬೇಕು? ಪ್ಯಾಟಿಗೆ ಹೋಗಿ ದೊಡ್ಡ ಸ್ಟೀಲ್ ಲೋಟ ಆರು ತಂದೆ, ಎಲ್ಲಾ ಒಂದೇ ನಮೂನಿವು. ನಮ್ಮನಿಯವರು ಕೇಳಿದ್ರು, ಕಪ್ಪು ಎಲ್ಲಿ ಹೋದುವು ಅಂತ. ಕುಡೀರಿ ಸುಮ್ನ ಅಂದೆ. ಅಡಗಿಮನಿ ಸ್ಟೂಲಿನ ಮ್ಯಾಲೆ ಕೂಡವಾ ಅಂದ್ರ ಅಕಿ ಈಗೂ ಕೂಡೂದಿಲ್ಲ, ಹೊಸ್ತಿಲ ಮ್ಯಾಲೇ. ಮನ್ಯಾಗ ಗಂಡಸರಿಲ್ಲದಾಗ ಒಮ್ಮೆ ಸ್ಟೂಲಿನ ತುದಿಗೆ ಕೂತಿದ್ಲು. ಅದನ್ನ ಒತ್ತಾಯ ಮಾಡಿ ಮಾಡಸೋದು ಬ್ಯಾಡ ಅಂತ ಬಿಟ್ಟೀನಿ.

ಇಲ್ಲಿಗೇ ಮುಗಿಸಿದ್ರ ನಾ ಶಾಣ್ಯಾಕಿ ಅನ್ನಿಸಿಕೋತೀನಿ. ಆದ್ರ ಮುಂದಿನ ವಾರಾನ ನಮ್ಮ ಕಡೆಯವರು ಒಂದಿಷ್ಟು ಮಂದಿ ಬಂದ್ರು. ಹಿರ್ಯಾರು, ಮಾತು ಆಡಿಕೊಳ್ಳೋರು. ಚಹಾ ಸೋಸುವಾಗ ಆರು ಲೋಟ ಸಾಲಾಗಿ ಇಟ್ಟೆ. ಪಡಸಾಲಿಯಿಂದ ಅವರ ದನಿ ಕೇಳಸ್ತಿತ್ತು. ನನ್ನ ಕೈ ತಾನೇ ಹೋಗಿ, ಕಪಾಟಿನ ಹಿಂದ ಇಟ್ಟಿದ್ದ ಆ ಹಳೇ ಲೋಟ ತಗೀತು. ಅದರಾಗ ಅಕಿಗೆ ಹಾಕಿ ಕೊಟ್ಟೆ. ಅಕಿ ಏನೂ ಅನ್ನಲಿಲ್ಲ. ಕುಡದು, ತೊಳದು, ಕಿಡಕ್ಯಾಗ ಬೋರಲು ಹಾಕಿ ಹೋದ್ಲು. ನನಗ ಪೌಲನ ಹಂಗ ಮಾರಿ ಮ್ಯಾಲೆ ಹೇಳಲಿಕ್ಕೆ ಅಲ್ಲಿ ಯಾರೂ ಇರಲಿಲ್ಲ.

ಆ ಹಳೇ ಲೋಟ ಈಗ ಮನ್ಯಾಗಿಲ್ಲ, ಬೋಹಾರಿಗೆ ಹಾಕಿದೆ. ಬರೋ ತಿಂಗಳು ಮೈದುನನ ಮಗಳ ನಿಶ್ಚಯ ನಮ್ಮನ್ಯಾಗೇ ಅದ. ಅವತ್ತು ಬಂದವರೂ ಬರ್ತೀರಿ, ಇದನ್ನ ಓದೇ ಬರ್ತೀರಿ. ಬರ್ರಿ. ಚಹಾ ಒಂದೇ ಟ್ರೇದಾಗ ಬರ್ತದ, ಅಕಿನೂ ಅದರಾಗಿಂದನ ಒಂದು ಲೋಟ ತಗೋತಾಳ. ಯಾವುದನ್ನ ತಗೋತಾಳ ಅಂತ ನಾ ಗುರುತು ಇಟ್ಟಿರೂದಿಲ್ಲ. ಕೇಳಬ್ಯಾಡ್ರಿ.