ಓಡಿದರೆ ಸಾಲದು

ಹೊಸ ಪ್ರೊಸೆಸರ್ ಒಂದಕ್ಕೆ ಹೈಪರ್‌ವೈಸರ್‌ನಲ್ಲಿ ಜಾಗ ಮಾಡಿಕೊಡುವ ಕೋಡ್ ಬಂದಾಗ, ಅದನ್ನು ರಿವ್ಯೂ ಮಾಡುವವರು ಮೊದಲು ಏನು ಕೇಳಬೇಕು? ಬರೆದವರು ಸಾಮಾನ್ಯವಾಗಿ ಮುಂದಿಡುವ ಸಾಕ್ಷಿ ಒಂದೇ: ಇದು ಓಡುತ್ತದೆ. ಒಳಗಿನ ವರ್ಚುವಲ್ ಮಷಿನ್‌ನಲ್ಲಿ ಲಿನಕ್ಸ್ ಬೂಟ್ ಆಯಿತು, ಪರೀಕ್ಷೆಗಳೆಲ್ಲ ಪಾಸಾದವು. ಬೇರೆ ಎಷ್ಟೋ ಬಗೆಯ ಸಾಫ್ಟ್‌ವೇರಿಗೆ ಇಷ್ಟು ಸಾಕಾಗಬಹುದು. ಹೈಪರ್‌ವೈಸರ್‌ಗೆ ಸಾಲದು; ಅಲ್ಲಿ ಇದಕ್ಕಿಂತ ದುರ್ಬಲ ಸಾಕ್ಷಿ ಇನ್ನೊಂದಿಲ್ಲ ಎಂದೇ ನಾನು ವಾದಿಸುತ್ತೇನೆ.

ಒಂದೇ ಯಂತ್ರದ ಮೇಲೆ, ಒಬ್ಬರನ್ನೊಬ್ಬರು ನಂಬಲು ಯಾವ ಕಾರಣವೂ ಇಲ್ಲದ ಹತ್ತಾರು ಗೆಸ್ಟ್‌ಗಳನ್ನು, ಅಂದರೆ ವರ್ಚುವಲ್ ಮಷಿನ್‌ಗಳನ್ನು, ಓಡಿಸುವುದು ಹೈಪರ್‌ವೈಸರ್‌ನ ಕೆಲಸ. ಪ್ರೊಸೆಸರ್ ಪೂರ್ತಿ ತನ್ನದೇ ಎಂದು ಪ್ರತಿ ಗೆಸ್ಟೂ ತಿಳಿದಿರುತ್ತದೆ. ಒಂದು ಆಸ್ಪತ್ರೆಯ ದಾಖಲೆಗಳಿರುವ ಮಷಿನ್ನೂ ಅಪರಿಚಿತನೊಬ್ಬ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆದ ಮಷಿನ್ನೂ ಒಂದೇ ಚಿಪ್ಪಿನ ಮೇಲೆ ಅಕ್ಕಪಕ್ಕ ಇರಬಹುದು. ಗೆಸ್ಟ್ ಸರಿಯಾಗಿ ನಡೆದುಕೊಂಡಾಗ ಕೋಡ್ ಕೂಡ ಸರಿಯಾಗಿ ನಡೆಯುತ್ತದೆಯೇ ಎಂಬುದು ಇಲ್ಲಿ ಅರ್ಧ ಪ್ರಶ್ನೆ. ಕೆಡುಕು ಮಾಡಲೆಂದೇ ಕೂತ ಗೆಸ್ಟ್ ಎದುರಾದರೆ ಏನಾಗುತ್ತದೆ ಎಂಬುದು ಉಳಿದರ್ಧ. ಬೂಟ್ ಆದ ಲಿನಕ್ಸ್ ಆ ಉಳಿದರ್ಧವನ್ನು ಮುಟ್ಟುವುದೇ ಇಲ್ಲ.

2012ರಲ್ಲಿ ಬೆಳಕಿಗೆ ಬಂದ ಸಿಸ್‌ರೆಟ್ ದೋಷವನ್ನು ನೋಡಿ. 64 ಬಿಟ್‌ನ ಎಕ್ಸ್86 ವಿನ್ಯಾಸವನ್ನು ಮೊದಲು ರೂಪಿಸಿದ್ದು ಎಎಂಡಿ. ಇಂಟೆಲ್ ಅದನ್ನು ಆಮೇಲೆ ಅಳವಡಿಸಿಕೊಂಡಿತು. ಮೇಲಿನ ಅಧಿಕಾರದ ಮಟ್ಟದಿಂದ ಕೆಳಗಿನ ಮಟ್ಟಕ್ಕೆ ಮರಳುವ ಇನ್‌ಸ್ಟ್ರಕ್ಷನ್ ಸಿಸ್‌ರೆಟ್. ಮರಳಬೇಕಾದ ವಿಳಾಸ ಸಿಂಧುವಲ್ಲದಿದ್ದರೆ ಎಎಂಡಿ ಚಿಪ್ಪು ಕೆಳಗಿಳಿದ ಮೇಲೆ ತಕರಾರು ಎತ್ತುತ್ತದೆ. ಇಂಟೆಲ್ ಚಿಪ್ಪು ಇಳಿಯುವ ಮೊದಲೇ, ಪೂರ್ಣ ಅಧಿಕಾರ ಕೈಯಲ್ಲಿರುವಾಗಲೇ ಎತ್ತುತ್ತದೆ. ಆ ಹೊತ್ತಿಗೆ ಸ್ಟ್ಯಾಕ್ ಪಾಯಿಂಟರ್ ಮಾತ್ರ ಕೆಳಗಿನವನದಾಗಿರುತ್ತದೆ. ಅಂದರೆ ಅಧಿಕಾರ ಮೇಲಿನದು, ಬರೆಯುವ ಜಾಗ ದಾಳಿಕೋರ ಆರಿಸಿದ್ದು. ಝೆನ್ ಹೈಪರ್‌ವೈಸರ್, ಫ್ರೀಬಿಎಸ್‌ಡಿ, 64 ಬಿಟ್ ವಿಂಡೋಸ್ ಎಲ್ಲವೂ ಇದಕ್ಕೆ ಸಿಕ್ಕಿಬಿದ್ದವು. ಲಿನಕ್ಸ್‌ನಲ್ಲಿ ಇದೇ ದೋಷವನ್ನು 2006ರಲ್ಲೇ ಸರಿಪಡಿಸಲಾಗಿತ್ತು. ಆರು ವರ್ಷ ಆ ತಿಳಿವಳಿಕೆ ಒಂದು ಮನೆಯಲ್ಲಿದ್ದು ಪಕ್ಕದ ಮನೆಗಳಿಗೆ ತಲುಪಲಿಲ್ಲ. ಚಿಪ್ಪು ತನ್ನ ಕೈಪಿಡಿಯಲ್ಲಿ ಹೇಳಿದಂತೆಯೇ ನಡೆದುಕೊಳ್ಳುತ್ತಿತ್ತು ಎಂಬುದು ಇದರಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ. ಎರಡು ಕಂಪನಿಗಳ ಕೈಪಿಡಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದುವವರಿಗೆ ಮಾತ್ರ ಕಾಣುವ ದೋಷ ಇದು. ಎಷ್ಟು ಸಲ ಬೂಟ್ ಮಾಡಿ ನೋಡಿದರೂ ಕಾಣುತ್ತಿರಲಿಲ್ಲ.

2015ರ ಇನ್ನೊಂದು ದೋಷ ಇದಕ್ಕಿಂತಲೂ ವಿಚಿತ್ರ. ಅಪವಾದವೊಂದನ್ನು (ಎಕ್ಸೆಪ್ಶನ್) ಗೆಸ್ಟ್‌ಗೆ ತಲುಪಿಸುವ ಕ್ರಿಯೆಯೇ ಮತ್ತೆ ಅದೇ ಅಪವಾದವನ್ನು ಹುಟ್ಟಿಸುವಂತೆ ಗೆಸ್ಟ್ ಹೊಂಚು ಹಾಕಿದರೆ, ಪ್ರೊಸೆಸರ್ ತನ್ನ ಮೈಕ್ರೋಕೋಡ್‌ನೊಳಗೇ ಕೊನೆಯಿಲ್ಲದೆ ಸುತ್ತುತ್ತದೆ. ನಿಯಂತ್ರಣ ಹೈಪರ್‌ವೈಸರ್ ಕೈಗೆ ಬರುವುದೇ ಇಲ್ಲ. ಒಬ್ಬ ಬಾಡಿಗೆದಾರ ಇಡೀ ಯಂತ್ರವನ್ನು ನಿಲ್ಲಿಸಬಹುದಿತ್ತು. ಲಿನಕ್ಸ್‌ನೊಳಗಿನ ಹೈಪರ್‌ವೈಸರ್ ಕೆವಿಎಂ ಮತ್ತು ಝೆನ್ ಎರಡರಲ್ಲೂ ತಪ್ಪಾಗಿ ಬರೆದ ಸಾಲು ಒಂದೂ ಇರಲಿಲ್ಲ. ಇರಬೇಕಾದ ಒಂದು ತಡೆ ಇರಲಿಲ್ಲ, ಅಷ್ಟೆ. ಇಲ್ಲದ ಸಾಲನ್ನು ಕಾಣುವುದು ಇರುವ ಸಾಲನ್ನು ತಿದ್ದುವುದಕ್ಕಿಂತ ಕಷ್ಟ. ರಿವ್ಯೂ ಮಾಡುವವರ ನಿಜವಾದ ಕೌಶಲ ಅದರಲ್ಲಿದೆ.

ಕೋಡ್‌ನಲ್ಲೇ ಕಣ್ಣೆದುರು ಇದ್ದೂ ತಪ್ಪಿಸಿಕೊಂಡ ದೋಷಗಳೂ ಇವೆ. ಗೆಸ್ಟ್‌ನೊಳಗೆ ಇನ್ನೊಂದು ಹೈಪರ್‌ವೈಸರ್ ಓಡಿಸಲು ಬೇಕಾದ ನಿಯಂತ್ರಣ ಪಟ್ಟಿಯೊಂದನ್ನು ಎಎಂಡಿ ಪ್ರೊಸೆಸರ್‌ಗಳ ಮೇಲೆ ಕೆವಿಎಂ ಗೆಸ್ಟ್‌ನ ಮೆಮೊರಿಯಿಂದ ಓದಿ, ತಪಾಸಣೆ ಮಾಡಿ, ಆಮೇಲೆ ಬಳಸುವಾಗ ಅದೇ ಮೆಮೊರಿಯಿಂದ ಮತ್ತೊಮ್ಮೆ ಓದುತ್ತಿತ್ತು. ಎರಡು ಓದುಗಳ ನಡುವಿನ ಸಂದಿಯಲ್ಲಿ ಗೆಸ್ಟ್‌ನ ಇನ್ನೊಂದು ಸಿಪಿಯು ಆ ಪಟ್ಟಿಯನ್ನು ಬದಲಿಸಬಹುದಿತ್ತು. ಗೂಗಲ್ ಪ್ರಾಜೆಕ್ಟ್ ಝೀರೋದ ಫೆಲಿಕ್ಸ್ ವಿಲ್ಹೆಲ್ಮ್ ಆ ಸಂದಿಯಿಂದ ಗೆಸ್ಟ್‌ನ ಹೊರಗೆ ಬಂದು, ಗೆಸ್ಟ್‌ಗಳನ್ನು ಹೊತ್ತ ಹೋಸ್ಟನ್ನೇ ಹಿಡಿಯಬಹುದೆಂದು 2021ರಲ್ಲಿ ತೋರಿಸಿದರು. ಪಟ್ಟಿಯನ್ನು ಮೊದಲು ತನ್ನ ಮೆಮೊರಿಗೆ ನಕಲು ಮಾಡಿಕೊಂಡು ಆ ನಕಲನ್ನೇ ತಪಾಸಣೆ ಮಾಡಿ ಬಳಸಬೇಕೆಂಬ ಪಾಠ ಆಪರೇಟಿಂಗ್ ಸಿಸ್ಟಮ್ ಕಲಿಯುವ ವಿದ್ಯಾರ್ಥಿಗೂ ಗೊತ್ತು. ಆದರೂ ತಪ್ಪಿತು, ಏಕೆಂದರೆ ಪ್ರತಿ ಪ್ಯಾಚ್ ತನ್ನಷ್ಟಕ್ಕೆ ಸರಿಯಾಗಿ ಕಾಣುತ್ತದೆ. ಎರಡು ಓದುಗಳು ಎರಡು ಬೇರೆ ಫಂಕ್ಷನ್‌ಗಳಲ್ಲಿದ್ದರೆ, ಬದಲಾದ ಸಾಲುಗಳನ್ನಷ್ಟೇ ನೋಡುವವರಿಗೆ ಸಂದಿ ಕಾಣದು.

ಭದ್ರತೆ ಒಂದು ಕಡೆಯಾದರೆ ಮಾತಿನ ಬಾಳಿಕೆ ಇನ್ನೊಂದು ಕಡೆ. ಹೊರಗಿನ ಪ್ರೋಗ್ರಾಮ್‌ಗಳಿಗೆ ಹೈಪರ್‌ವೈಸರ್ ಒಮ್ಮೆ ಕೊಟ್ಟ ಇಂಟರ್‌ಫೇಸ್ ಅನ್ನು ಹಿಂದಕ್ಕೆ ಪಡೆಯುವಂತಿಲ್ಲ. ಓಡುತ್ತಿರುವ ಗೆಸ್ಟನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವುದು ಅದನ್ನೇ ನಂಬಿರುತ್ತದೆ. ಪ್ರೊಸೆಸರ್‌ನ ವಿಸ್ತೃತ ರಿಜಿಸ್ಟರ್‌ಗಳನ್ನೆಲ್ಲ ತೆಗೆದುಕೊಡಲು ಕೆವಿಎಂ ಹಿಂದೆ 4096 ಬೈಟ್‌ಗಳ ಚೌಕಟ್ಟೊಂದನ್ನು ಗೊತ್ತುಮಾಡಿತ್ತು. ಆಗ ಅದು ಧಾರಾಳವಾಗಿ ಕಂಡಿರಬೇಕು. ಆಮೇಲೆ ಇಂಟೆಲ್‌ನ ಎಎಂಎಕ್ಸ್ ಬಂತು: ಮ್ಯಾಟ್ರಿಕ್ಸ್ ಲೆಕ್ಕಕ್ಕೆಂದು ತಲಾ ಒಂದು ಕಿಲೋಬೈಟಿನ ಎಂಟು ರಿಜಿಸ್ಟರ್‌ಗಳು, ಒಟ್ಟು 8192 ಬೈಟ್. ಹಳೆಯ ಚೌಕಟ್ಟಿನಲ್ಲಿ ಇದು ಹಿಡಿಸಲಿಲ್ಲ. ಅದನ್ನು ಹಿಗ್ಗಿಸಿದರೆ ಹಳೆಯ ಪ್ರೋಗ್ರಾಮ್‌ಗಳು ಒಡೆಯುತ್ತವೆ. ಹಾಗಾಗಿ ಪಕ್ಕದಲ್ಲಿ ಇನ್ನೊಂದು ಕರೆಯನ್ನೇ ಸೇರಿಸಬೇಕಾಯಿತು. ಹಳೆಯದು ಹಾಗೆಯೇ ಉಳಿಯಿತು. ಇನ್ನು, ಹೊಸ ಸೌಲಭ್ಯವಿದೆ ಎಂದು ಗೆಸ್ಟ್‌ಗೆ ಸಾರುವ ಪ್ಯಾಚ್ ಒಂದೇ ಸಾಲಿನದಾಗಿರಬಹುದು. ಆದರೆ ಆ ಸೌಲಭ್ಯಕ್ಕೆ ಹೊಸ ರಿಜಿಸ್ಟರ್‌ಗಳಿದ್ದು, ಗೆಸ್ಟ್‌ಗಳು ಬದಲಾಗುವಾಗ ಅವನ್ನು ಉಳಿಸಿ ಮತ್ತೆ ತುಂಬುವ ಕೋಡ್ ಇಲ್ಲದಿದ್ದರೆ, ಒಬ್ಬರ ದತ್ತಾಂಶ ಇನ್ನೊಬ್ಬರ ಕೈಗೆ ಹೋಗುತ್ತದೆ. ಪ್ಯಾಚ್‌ನ ಉದ್ದ ನೋಡಿ ರಿವ್ಯೂವಿಗೆ ಎಷ್ಟು ಹೊತ್ತು ಕೊಡಬೇಕೆಂದು ತೀರ್ಮಾನಿಸುವ ರೂಢಿ ಈ ಕ್ಷೇತ್ರದಲ್ಲಿ ಅಪಾಯಕಾರಿ.

ಹಾಗಾದರೆ ರಿವ್ಯೂ ಮಾಡುವವರು ಎಷ್ಟು ತಡೆಹಿಡಿಯಬಹುದು? ರಿಸ್ಕ್-ಫೈವ್‌ನ ಕಥೆ ಈ ಪ್ರಶ್ನೆಗೆ ಒರೆಗಲ್ಲು. ರಿಸ್ಕ್-ಫೈವ್ ಪ್ರೊಸೆಸರ್‌ಗಳಿಗೆ ಕೆವಿಎಂ ಬೆಂಬಲ ನೀಡುವ ಅನೂಪ್ ಪಟೇಲ್ ಅವರ ಪ್ಯಾಚ್‌ಗಳು ಮೊದಲು ಬಂದದ್ದು 2019ರ ಮಧ್ಯದಲ್ಲಿ. ಅವು ಲಿನಕ್ಸ್‌ನೊಳಗೆ ಸೇರಿ ಬಿಡುಗಡೆಯಾದದ್ದು 2022ರ ಜನವರಿಯ 5.16ನೇ ಆವೃತ್ತಿಯಲ್ಲಿ, ಇಪ್ಪತ್ತನೇ ರೂಪದವರೆಗೆ ತಿದ್ದಿ ಬರೆದ ಮೇಲೆ. ಕೋಡ್ ಕೆಟ್ಟದ್ದೆಂದು ನಿಲ್ಲಿಸಿದ್ದಲ್ಲ. ವರ್ಚುವಲೈಸೇಶನ್‌ಗೆ ಬೇಕಾದ ಎಚ್ ವಿಸ್ತರಣೆಯ ನಿರ್ದಿಷ್ಟ ವಿವರಣೆ ಆಗ ಇನ್ನೂ ಕರಡಿನಲ್ಲಿತ್ತು. ಸ್ಥಿರಗೊಂಡ ವಿವರಣೆಗೆ ಮಾತ್ರ ಕೋಡ್ ಸ್ವೀಕರಿಸುತ್ತೇವೆ ಎಂಬುದು ಲಿನಕ್ಸ್‌ನ ರಿಸ್ಕ್-ಫೈವ್ ವಿಭಾಗದ ನಿಯಮ. ಪ್ರಯೋಗದ ಕೋಡ್ ಇಡುವ ಸ್ಟೇಜಿಂಗ್ ವಿಭಾಗದಲ್ಲಾದರೂ ಹಾಕೋಣ ಎಂಬ ಸಲಹೆಯೂ ಬಂತು, ಅದೂ ನಡೆಯಲಿಲ್ಲ.

ಈ ತಡೆಯನ್ನು ವಿರೋಧಿಸಿದವರ ಮಾತಿನಲ್ಲಿ ಹುರುಳಿತ್ತು. ಸಾಫ್ಟ್‌ವೇರ್ ಇಲ್ಲದೆ ಚಿಪ್ಪು ಮಾಡುವವರು ಮುಂದೆ ಬರುವುದಿಲ್ಲ, ಚಿಪ್ಪು ಬರದೆ ವಿವರಣೆಯ ಲೋಪಗಳು ಗೊತ್ತಾಗುವುದಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಪ್ರತಿ ಹೊಸ ಕರ್ನೆಲ್‌ಗೆ ಆ ಕೋಡನ್ನು ಹೊಂದಿಸುತ್ತಾ ಹೋಗುವುದು ಸಣ್ಣ ಶ್ರಮವಲ್ಲ. ಆದರೂ ಕಾಯಿಸಿದ್ದು ಸರಿ ಎನ್ನುತ್ತೇನೆ. ಗೆಸ್ಟ್‌ನ ಮೆಮೊರಿಯನ್ನು ಹೈಪರ್‌ವೈಸರ್ ಓದುವ ವಿಧಾನವೇ ಆ ಕರಡುಗಳ ನಡುವೆ ಬದಲಾಯಿತು: ಒಂದು ಬಿಟ್ ಏರಿಸಿ ಮಾಮೂಲಿ ಇನ್‌ಸ್ಟ್ರಕ್ಷನ್‌ನಿಂದ ಓದುವ ಪದ್ಧತಿ ಹೋಗಿ, ಅದಕ್ಕೆಂದೇ ಬೇರೆ ಇನ್‌ಸ್ಟ್ರಕ್ಷನ್‌ಗಳು ಬಂದವು. ಹಳೆಯ ಕರಡನ್ನು ನಂಬಿ ಯಾರಾದರೂ ಚಿಪ್ಪು ಮಾಡಿದ್ದರೆ ಎರಡನ್ನೂ ಶಾಶ್ವತವಾಗಿ ಹೊರಬೇಕಾಗುತ್ತಿತ್ತು. ಅಲ್ಲದೆ ಆ ದಿನಗಳಲ್ಲಿ ಕೋಡನ್ನು ಪರೀಕ್ಷಿಸಲು ಮುಖ್ಯವಾಗಿ ಸಿಗುತ್ತಿದ್ದದ್ದು ಕ್ಯೂಎಂಯು ಎಮ್ಯುಲೇಟರ್. ಅದರ ಎಚ್ ವಿಸ್ತರಣೆಯನ್ನು ಬರೆದವರೂ ಕೆವಿಎಂ ಪ್ಯಾಚ್ ಬರೆದವರೂ ಆಗ ಒಂದೇ ಕಂಪನಿಯವರು, ವೆಸ್ಟರ್ನ್ ಡಿಜಿಟಲ್‌ನವರು. ಇಬ್ಬರ ಸಾಮರ್ಥ್ಯದ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಕರಡಿನ ಒಂದು ವಾಕ್ಯವನ್ನು ಇಬ್ಬರೂ ಒಂದೇ ರೀತಿ ತಪ್ಪಾಗಿ ಅರ್ಥಮಾಡಿಕೊಂಡಿದ್ದರೆ ಪರೀಕ್ಷೆ ಪಾಸಾಗಿಯೇ ಆಗುತ್ತದೆ. ಬೇರೆಯವರು ಮೂಲ ವಿವರಣೆಯನ್ನು ತಾವಾಗಿ ಓದಿ ಕೋಡ್‌ಗೆ ಹೋಲಿಸಿದಾಗ ಮಾತ್ರ ಅಂಥ ತಪ್ಪು ಸಿಗುತ್ತದೆ.

ಆ ಪ್ರಸಂಗದಲ್ಲಿ ನನಗೆ ಒಪ್ಪಿಗೆಯಾಗದ ಒಂದು ಅಂಶವಿದೆ. ನಿಯಮ ಬರಹಕ್ಕೆ ಇಳಿದದ್ದು ಮೊದಲ ಪ್ಯಾಚ್‌ಗಳು ಬಂದ ಮೇಲೆ. ತಡೆಯುವ ಅಧಿಕಾರ ಇರುವವರು ಯಾವ ಷರತ್ತು ಪೂರೈಸಿದರೆ ಬಾಗಿಲು ತೆರೆಯುತ್ತದೆ ಎಂದು ಮೊದಲೇ, ಸ್ಪಷ್ಟವಾಗಿ ಹೇಳಬೇಕು. ಬರೆದವರು ವರ್ಷಗಳ ದುಡಿಮೆ ಹಾಕುತ್ತಾರೆ; ಅವರನ್ನು ಅನಿಶ್ಚಿತತೆಯಲ್ಲಿ ಇಡುವುದು ಅನ್ಯಾಯ. ಉತ್ತರವನ್ನೇ ಕೊಡದೆ ಇರುವುದು ನಿರಾಕರಣೆಗಿಂತ ಕೆಟ್ಟದ್ದು.

ಸೇರಿಸಿಕೊಂಡ ಮೇಲೆ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನೂ ಅದೇ ಬಾಗಿಲಲ್ಲಿ ಕೇಳಬೇಕು. ಇಂಟೆಲ್‌ನ ಇಟೇನಿಯಮ್‌ಗೆ ಕೆವಿಎಂ ಬೆಂಬಲ ಲಿನಕ್ಸ್ 2.6.26ರಲ್ಲಿ, 2008ರಲ್ಲಿ ಸೇರಿತು. ನೋಡುವವರಿಲ್ಲದೆ ಕೆಟ್ಟು ಕೂತು 3.19ರ ಹೊತ್ತಿಗೆ ಹೊರಹೋಯಿತು. 2013ರಲ್ಲಿ ಬಂದ 32 ಬಿಟ್ ಆರ್ಮ್ ಹೋಸ್ಟ್ ಬೆಂಬಲವನ್ನು 2020ರಲ್ಲಿ 5.7ರಿಂದ ತೆಗೆದರು. ತೆಗೆಯುವುದು ತಪ್ಪಲ್ಲ. ತೆಗೆಯುವವರೆಗಿನ ವರ್ಷಗಳಲ್ಲಿ ಸಾಮಾನ್ಯ ಕೋಡನ್ನು ಬದಲಿಸುವ ಪ್ರತಿಯೊಬ್ಬರೂ ಯಾರೂ ಓಡಿಸದ ಆ ಭಾಗವನ್ನೂ ಎಚ್ಚರದಿಂದ ತಿದ್ದುತ್ತಾ ಬರಬೇಕಾಗುತ್ತದೆ ಎಂಬುದು ಗಮನಿಸಬೇಕಾದದ್ದು.

ಇಷ್ಟೆಲ್ಲ ಹೊಣೆ ಹೊರುವವರು ಬೆರಳೆಣಿಕೆಯಷ್ಟು ಜನ. ಬೆಂಗಳೂರಿನಲ್ಲಿ ಇಂಟೆಲ್, ಎಎಂಡಿ, ಆರ್ಮ್ ಮೂರಕ್ಕೂ ವಿನ್ಯಾಸ ಕೇಂದ್ರಗಳಿವೆ. ಪ್ರೊಸೆಸರ್‌ನ ಒಳಹೊರಗನ್ನು ಬಲ್ಲ ಎಂಜಿನಿಯರ್‌ಗಳಿಗೆ ಈ ಊರಿನಲ್ಲಿ ಕೊರತೆಯಿಲ್ಲ. ಆದರೆ ನಮ್ಮ ಉದ್ಯಮದಲ್ಲಿ ನಾನು ಕಂಡಿರುವ ಮಟ್ಟಿಗೆ ವರ್ಷದ ಕೊನೆಯ ಮೌಲ್ಯಮಾಪನದಲ್ಲಿ ಬರೆದ ಕೋಡ್‌ಗೆ ಸಿಗುವ ಲೆಕ್ಕ, ಬೇರೆಯವರ ಕೋಡನ್ನು ಓದಿ ಹಿಡಿದ ದೋಷಕ್ಕೆ ಸಿಗುವುದಿಲ್ಲ. ಪ್ಯಾಚ್ ಕಳುಹಿಸುವ ಪ್ರತಿ ಕಂಪನಿಯೂ ಇತರರ ಪ್ಯಾಚ್‌ಗಳನ್ನು ಓದುವ ಕೆಲಸಕ್ಕೆ ತನ್ನ ಜನರ ಸಮಯವನ್ನು ಸಂಬಳ ಸಹಿತ ಎತ್ತಿಡಬೇಕು. ಹೊಸಬರಿಗೆ ಮೊದಲ ಕೆಲಸವಾಗಿ ಕೈಪಿಡಿಯ ಒಂದು ಅಧ್ಯಾಯವನ್ನೂ ಅದಕ್ಕೆ ಸಂಬಂಧಿಸಿದ ಕೋಡನ್ನೂ ಕೊಟ್ಟು, ಎರಡೂ ಎಲ್ಲಿ ಹೊಂದುವುದಿಲ್ಲ ಎಂದು ಹುಡುಕಲು ಬಿಡಬಹುದು. ಸಿಕ್ಕ ಪ್ರತಿ ವ್ಯತ್ಯಾಸಕ್ಕೂ ಒಂದೊಂದು ಪರೀಕ್ಷೆ ಬರೆಸಿ ಕೆವಿಎಂನ ಪರೀಕ್ಷಾ ಸಂಗ್ರಹಕ್ಕೆ ಕಳುಹಿಸಬಹುದು.