ನೆಲ ನಮ್ಮದು, ಸ್ಪ್ಯಾನರ್ ಯಾರ ಕೈಯಲ್ಲಿ?

ಕನ್ನಡಿಗರೇ, ಎರಡನೇ ಮಹಾಯುದ್ಧ ಮುಗಿದಾಗ ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್‌ಗಳನ್ನು 1948ರಲ್ಲಿ ಬೆಂಗಳೂರಿನ ಎಚ್‌ಎಎಲ್ ರಿಪೇರಿ ಮಾಡಿ ವಾಯುಪಡೆಗೆ ಕೊಟ್ಟಿತು. ಗುಜರಿಯನ್ನು ಮತ್ತೆ ಹಾರಿಸಿದ ಊರು ನಮ್ಮದು!

ಇಂದು ವಿಮಾನ ನಿಲ್ದಾಣಕ್ಕೆ, ಏರೋಸ್ಪೇಸ್ ಪಾರ್ಕಿಗೆ ದೇವನಹಳ್ಳಿಯ ರೈತ ರಾಗಿ, ದ್ರಾಕ್ಷಿಯ ಹೊಲ ಬಿಟ್ಟುಕೊಟ್ಟಿದ್ದಾನೆ. ಅವನ ಮಗ ಹ್ಯಾಂಗರಿನ ಕಸ ಗುಡಿಸಿದರೆ ಸಾಕೇ?

ಸಣ್ಣ ವಿಮಾನ ರಿಪೇರಿ ಶಾಪಿಗೂ ಡಿಜಿಸಿಎ ಅನುಮತಿ ಬೇಕು. ಕೆಲಸ ಮುಗಿದ ಮೇಲೆ ಲೈಸೆನ್ಸ್ ಪಡೆದ ಎಂಜಿನಿಯರ್ ಸಹಿ ಹಾಕದೆ ವಿಮಾನ ಮೇಲೇಳದು. ಆ ಸಹಿ ನಮ್ಮ ಹುಡುಗರದಾಗಲಿ! ಕೈಪಿಡಿ ಇಂಗ್ಲಿಷಿನಲ್ಲೇ ಇರಲಿ, ಅದನ್ನು ಕಲಿಸುವ ಪಾಠ ಕನ್ನಡದಲ್ಲಿ ನಡೆಯಲಿ. ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳಲ್ಲಿ ಸರ್ಕಾರವೇ ತರಬೇತಿ ಕೊಡಲಿ.

ನಿಮ್ಮ ಮನೆಯಲ್ಲಿ ಪಿಯುಸಿ ವಿಜ್ಞಾನ ಓದುವ ಮಕ್ಕಳಿದ್ದಾರೆಯೇ? ಈ ಲೈಸೆನ್ಸಿನ ವಿಚಾರ ಇವತ್ತೇ ಹೇಳಿ. ನೆಲ ಕೊಟ್ಟವರು ಸ್ಪ್ಯಾನರನ್ನೂ ಹಿಡಿಯಲಿ!